ಅಗಸಿ ಒಡೆದವರು ಯಾರು?

ಕಳೆದ ಕಾರಹುಣ್ಣಿಮೆಯ ಮರುದಿನ ಬೆಂಗಳೂರಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿ ಮಾಡಿದ್ದನು. ಸುಮಾರು ನಲವತ್ತು ವರ್ಷಗಳ ಹಿಂದೆ ನನ್ನ ಏಳನೆಯ ತರಗತಿಯಲ್ಲಿ ಕಿಟಕಿಯ ಪಕ್ಕ ಕುಳಿತು, ಪಾಠಕ್ಕಿಂತ ಹೆಚ್ಚಾಗಿ ಹೊರಗಿನ ಬೇವಿನ ಮರವನ್ನೇ ನೋಡುತ್ತಿದ್ದ ಹುಡುಗ. ಕುಶಲ ವಿಚಾರಿಸಿದ ಮೇಲೆ ಅವನು ಸ್ವಲ್ಪ ಅಳುಕಿನಿಂದಲೇ ಹೀಗೆಂದನು:

“ಸರ್, ಸವಣೂರಿನ ಅಗಸಿ ಬಾಗಲಾ ಟಿಪ್ಪು ಸುಲ್ತಾನ ತೋಪು ಹಾರಿಸಿ ಒಡದಾ ಅಂತ ನೀವ ನಮಗ ಹೇಳಿದ್ರಿ. ನನ್ನ ಮಗಳಿಗೆ ಸಾಲ್ಯಾಗ ‘ನಮ್ಮ ಊರಿನ ಇತಿಹಾಸ’ ಬರೀಲಿಕ್ಕೆ ಕೊಟ್ಟಿದ್ರು, ನಾನೂ ಹಂಗ ಬರಸಿದೆ. ಕ್ಲಾಸಿನ್ಯಾಗ ಓದಿದ ಮ್ಯಾಲೆ ಯಾವನೋ ಒಬ್ಬ ಹುಡುಗ ಇವಳ ಗೆಳತಿಗೆ ‘ನಿಮ್ಮವರ ಒಡದದ್ದು’ ಅಂದನಂತ. ಆ ಕೂಸು ಅತ್ತತಂತ. ಅದು ಖರೇ ಏನ್ರೀ ಸರ್?”

ನಾನು ಒಡನೆಯೇ ಉತ್ತರಿಸಲಾರದೆ ಹೋದೆನು. ಹೌದು, ನಾನು ಹಾಗೆ ಹೇಳಿದ್ದುಂಟು. ಒಂದು ವರ್ಷವಲ್ಲ, ಪ್ರತಿ ವರ್ಷವೂ ಹೇಳಿದ್ದುಂಟು. ತೋಪು ಸಿಡಿದ ಸದ್ದನ್ನು ಮೇಜು ಗುದ್ದಿ ತೋರಿಸುತ್ತಿದ್ದುದೂ ಉಂಟು. ಆಗ ತರಗತಿಯಲ್ಲಿ ನಿದ್ದೆಗಣ್ಣಿನವರೂ ಎಚ್ಚರಗೊಳ್ಳುತ್ತಿದ್ದರು. ಅದರಲ್ಲಿ ನನಗೊಂದು ಸಂತೋಷವಿದ್ದಿತು. ಈ ಕಥೆಯನ್ನು ನಾನು ಬಾಲ್ಯದಲ್ಲಿ ಕಟ್ಟೆಯ ಮೇಲಿನ ಹಿರಿಯರಿಂದ ಕೇಳಿದ್ದೆನೇ ಹೊರತು ಪುಸ್ತಕ ತೆರೆದು ಪರೀಕ್ಷಿಸಿದವನಲ್ಲ. ಈಗ ಪರೀಕ್ಷಿಸಿದ್ದೇನೆ. ಆದುದರಿಂದ ಈ ಲೇಖನವನ್ನು ನನ್ನ ಎಲ್ಲ ವಿದ್ಯಾರ್ಥಿಗಳೂ ಒಂದು ತಿದ್ದುಪಡಿಯ ಪಾಠವೆಂದು ಭಾವಿಸಿ ಓದಬೇಕು.

ಮೊದಲು ‘ಅಗಸಿ’ ಎಂದರೇನು ಎಂಬುದನ್ನು ದೂರದ ಊರುಗಳಲ್ಲಿ ಬೆಳೆದ ನಮ್ಮ ಮಕ್ಕಳಿಗಾಗಿ ಹೇಳಿಬಿಡುತ್ತೇನೆ. ಕೋಟೆಯ ಅಥವಾ ಊರಿನ ಹೆಬ್ಬಾಗಿಲಿಗೆ ನಮ್ಮ ಕಡೆಯಲ್ಲಿ ಅಗಸಿ ಎನ್ನುತ್ತಾರೆ. ದೊಡ್ಡ ಊರಾದರೆ ಅದರ ಎರಡೂ ಬದಿಗೆ ಹುಡೇವು, ಅಂದರೆ ಬುರುಜುಗಳು. ಬಾಗಿಲ ಒಳಗಿನ ದಾರಿಯನ್ನು ಬೇಕೆಂದೇ ತಿರುವು ಕೊಟ್ಟು ಕಟ್ಟುತ್ತಿದ್ದರು. ಓಡಿಬಂದ ಆನೆಯಾಗಲಿ ಕುದುರೆಯಾಗಲಿ ಅಲ್ಲಿ ವೇಗವನ್ನು ಕಳೆದುಕೊಳ್ಳಬೇಕು, ಮೇಲಿನಿಂದ ಕಾವಲಿನವರಿಗೆ ಗುರಿ ಸಿಗಬೇಕು ಎಂಬುದು ಅದರ ಉದ್ದೇಶ. ಆನೆ ಹಣೆಯೊಡ್ಡಿ ನೂಕದಂತೆ ಕದಗಳಿಗೆ ಕಬ್ಬಿಣದ ಮೊಳೆಗಳನ್ನು ಹೊಡೆಯುತ್ತಿದ್ದರು. ಕದದ ಹಿಂದೆ, ಗೋಡೆಯ ಪೊಳ್ಳಿನೊಳಗೆ ಸರಿದು ಹೋಗುವ ಉದ್ದನೆಯ ಮರದ ಅಗುಳಿ. ದೊಡ್ಡ ಕದಗಳನ್ನು ಮುಚ್ಚಿದ ಮೇಲೆಯೂ ಒಬ್ಬೊಬ್ಬರಾಗಿ ಬಗ್ಗಿ ದಾಟಲು ಒಂದು ದಿಡ್ಡಿ ಬಾಗಿಲು. ಒಳಮೈಯ ಎರಡೂ ಬದಿಗೆ ಕಾವಲಿನವರು ಕೂಡುವ ಕಟ್ಟೆ. ಇಂಥ ಬಾಗಿಲು ಹೇಗಿರುತ್ತದೆಂದು ನೋಡಬಯಸುವವರು ಧಾರವಾಡದಲ್ಲಿ ಇಂದಿಗೂ ನಿಂತಿರುವ ಕೋಟೆಯ ಬಾಗಿಲಿನ ಕೆಳಗೆ ಒಮ್ಮೆ ನಿಂತು ತಲೆಯೆತ್ತಿ ನೋಡಬಹುದು.

ನಮ್ಮ ಸೀಮೆಗೆ ಕೋಟೆ, ಮುತ್ತಿಗೆಗಳು ಹೊಸವಲ್ಲ. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಕದಂಬರ ಹಾನಗಲ್ಲಿಗೆ ಬಂದು ಆನೆಕೆರೆಯ ಬಳಿ ಬೀಡುಬಿಟ್ಟು ಮುತ್ತಿಗೆ ಹಾಕಿದ್ದನು. ಬಂಕಾಪುರದ ಕೋಟೆಯಾದರೋ ರಾಷ್ಟ್ರಕೂಟರ ಸಾಮಂತ ಬಂಕೆಯನ ಹೆಸರಿನ ಊರನ್ನು ಕಾಯುತ್ತ ನಿಂತು, 1573ರಲ್ಲಿ ವಿಜಾಪುರದ ಅಲಿ ಆದಿಲಶಾಹನ ಸೈನ್ಯಕ್ಕೆ ಒಂದು ವರ್ಷಕ್ಕೂ ಮಿಕ್ಕಿ ಎದುರು ನಿಂತಿತ್ತು. ಇವುಗಳೊಡನೆ ಹೋಲಿಸಿದರೆ ಸವಣೂರಿನ ಅಗಸಿಗಳು ಎಳೆಯವು. ಆದರೆ ಅವುಗಳನ್ನು ಕಟ್ಟಿದ ಮನೆತನದ ಕಥೆ ಒಂದು ದೊಡ್ಡ ಊರಿನ ಬಾಗಿಲು ತೆರೆದ ದಿನದಿಂದಲೇ ಪ್ರಾರಂಭವಾಗುತ್ತದೆ ಎಂಬುದು ಗಮನಿಸತಕ್ಕ ಸಂಗತಿ.

ಆ ಊರು ವಿಜಾಪುರ. ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ ಕಲ್ಲಿನ ಗೋಡೆ, ಐದು ಮುಖ್ಯ ಬಾಗಿಲುಗಳು, ಬುರುಜುಗಳ ಮೇಲೆ ಮಲಿಕ್-ಎ-ಮೈದಾನದಂಥ ತೋಪುಗಳು. ಔರಂಗಜೇಬನ ಸೈನ್ಯವು 1685ರಲ್ಲಿ ಅದನ್ನು ಮುತ್ತಿ ವರ್ಷಕ್ಕೂ ಮೇಲ್ಪಟ್ಟು ಕಾದಿತು. ಕೊನೆಗೆ 1686ರ ಸೆಪ್ಟೆಂಬರ್ ತಿಂಗಳಲ್ಲಿ ಊರು ಶರಣಾಯಿತು. ಒಳಗೆ ಅನ್ನ ಮುಗಿದಿತ್ತು, ದನಕರುಗಳಿಗೆ ಮೇವು ಮುಗಿದಿತ್ತು. ಕಾದಾಡುವ ಮನಸ್ಸೂ ಮುಗಿದಿತ್ತು. ಶರಣಾಗತಿಯ ಮಾತುಕತೆ ನಡೆಸಿದ ವಿಜಾಪುರದ ಸರದಾರರಲ್ಲಿ ಪಠಾಣ ಮನೆತನದ ಅಬ್ದುಲ್ ರವೂಫ್ ಖಾನನೂ ಒಬ್ಬನು. ಅವನಿಗೆ ಮೊಗಲರಿಂದ ದಿಲೇರ್ ಖಾನ್ ಎಂಬ ಬಿರುದೂ, ಬಂಕಾಪುರವೇ ಮೊದಲಾದ ಸೀಮೆಗಳೂ ದೊರೆತವು. ಇವನೇ ಸವಣೂರು ನವಾಬರ ಮೂಲಪುರುಷನು. ಮನೆತನವು ಮೊದಲು ಬಂಕಾಪುರದಿಂದ ಆಳಿ, ಆಮೇಲೆ ಸವಣೂರನ್ನು ರಾಜಧಾನಿಯಾಗಿ ಮಾಡಿಕೊಂಡಿತು.

ಆಲೋಚಿಸಿ ನೋಡಿರಿ. ಗಟ್ಟಿಯಾದ ಗೋಡೆ, ಆಳವಾದ ಕಂದಕ, ಹಿಂದೆ ವರ್ಷವಿಡೀ ಮುತ್ತಿಗೆ ತಾಳಿದ ಹೆಸರು, ಇವೆಲ್ಲ ಬಂಕಾಪುರಕ್ಕೆ ಇದ್ದವು. ಆದರೂ ರಾಜಧಾನಿಯಾದದ್ದು ಸವಣೂರು. ಹೊಸ ಊರನ್ನು ಇವರು ಯಾವ ಮನಸ್ಸಿನಿಂದ ಕಟ್ಟಿದರೆಂಬುದಕ್ಕೆ ಒಂದು ಸಣ್ಣ ಲೆಕ್ಕವೇ ಸಾಕ್ಷಿ.

ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಗೆಜೆಟಿಯರಿನಲ್ಲಿ ಸವಣೂರಿನ ವರ್ಣನೆಯಿದೆ. ಊರಿನ ವಿಸ್ತೀರ್ಣ ಮುಕ್ಕಾಲು ಚದರ ಮೈಲು, ಸುತ್ತಲೂ ಕಂದಕ, ಎಂಟು ಅಗಸಿಗಳು, ಅವುಗಳಲ್ಲಿ ಮೂರು ಹಾಳಾಗಿವೆ. ನಾನು ಇತಿಹಾಸದ ಜೊತೆಗೆ ಗಣಿತವನ್ನೂ ಕಲಿಸಿದವನಾದುದರಿಂದ ಸೀಸದ ಕಡ್ಡಿ ಹಿಡಿದು ಕುಳಿತೆನು. ಊರನ್ನು ದುಂಡಗೆ ಎಂದು ಹಿಡಿದರೆ ಅದರ ಸುತ್ತಳತೆ ಸುಮಾರು 5 ಕಿಲೋಮೀಟರ್ ಆಗುತ್ತದೆ. ಎಂಟು ಅಗಸಿಗಳೆಂದರೆ ಸುಮಾರು 600 ಮೀಟರಿಗೊಂದು. ವಿಜಾಪುರದಲ್ಲಾದರೋ ಎರಡು ಕಿಲೋಮೀಟರಿಗೆ ಒಂದು ಮುಖ್ಯ ಬಾಗಿಲು. ಕೋಟೆಯ ಅತ್ಯಂತ ದುರ್ಬಲ ಸ್ಥಳವೆಂದರೆ ಬಾಗಿಲು ಎಂಬುದನ್ನು ಯಾವ ದಳವಾಯಿಯಾದರೂ ಬಲ್ಲನು. ವೈರಿಯನ್ನು ತಡೆಯುವುದೊಂದೇ ಉದ್ದೇಶವಾಗಿದ್ದರೆ ಅಷ್ಟು ಚಿಕ್ಕ ಊರಿಗೆ ಎಂಟು ಬಾಗಿಲುಗಳು ಏತಕ್ಕೆ? ಇದು ಜನರು ಹೋಗಿಬರಲು ಕಟ್ಟಿದ ಊರು ಎಂದು ನನಗೆ ತೋರುತ್ತದೆ. ಸಂತೆಗೆ ಬರುವ ಚಕ್ಕಡಿಗಳು, ವೀಳ್ಯದೆಲೆಯ ಪೆಂಡಿ ಹೊತ್ತ ರೈತರು, ದನಗಳು, ಯಾತ್ರಿಕರು, ಮದುವೆಯ ದಿಬ್ಬಣಗಳು, ಇವೆಲ್ಲವೂ ತಮ್ಮ ತಮ್ಮ ದಿಕ್ಕಿನ ಅಗಸಿಯಿಂದ ಬರಲಿ ಎಂಬ ಏರ್ಪಾಡು. ಅಗಸಿಯಲ್ಲಿ ಸುಂಕ ಎತ್ತಬಹುದು, ರಾತ್ರಿ ಕದ ಹಾಕಿ ಕಳ್ಳರನ್ನು ತಡೆಯಬಹುದು. ದೊಡ್ಡ ದಂಡು ಬಂದರೆ?

ದೊಡ್ಡ ದಂಡುಗಳು ಬಂದವು. ಈಗ ನನ್ನ ತಪ್ಪು ಪಾಠದ ಕಡೆಗೆ ಬರುತ್ತೇನೆ.

ಮೊದಲನೆಯದು 1756. ಪೇಶವೆ ಬಾಲಾಜಿ ಬಾಜೀರಾಯನು ಸವಣೂರಿನ ನವಾಬನ ಮೇಲೆ ದಂಡೆತ್ತಿ ಬಂದನು. ನವಾಬನ ಪಕ್ಷದಲ್ಲಿ ಯಾರಿದ್ದರು ನೋಡಿರಿ: ಗುತ್ತಿಯ ಮರಾಠಾ ಸರದಾರ ಮುರಾರಿರಾವ್ ಘೋರ್ಪಡೆ, ಪೇಶವೆಯ ಕೆಲಸ ಬಿಟ್ಟುಬಂದಿದ್ದ ಮುಜಫರ್ ಖಾನ್. ಪೇಶವೆಯ ಪಕ್ಷದಲ್ಲಿ ಯಾರಿದ್ದರು? ಹೈದರಾಬಾದಿನ ನಿಜಾಮ ಸಲಾಬತ್ ಜಂಗನೂ ಅವನ ಫ್ರೆಂಚ್ ಸೇನಾನಿ ಬುಸ್ಸಿಯೂ. ಹಿಂದೂ ಮುಸಲ್ಮಾನರೆಂದು ಎರಡು ಸಾಲು ಮಾಡಿ ನಿಲ್ಲಿಸಬೇಕೆಂದರೆ ಈ ಯುದ್ಧದಲ್ಲಿ ಯಾರೂ ಸರಿಯಾದ ಸಾಲಿನಲ್ಲಿ ನಿಲ್ಲುವುದಿಲ್ಲ. ಬುಸ್ಸಿಯ ತೋಪುಗಳ ಎದುರು ಊರು ನಿಲ್ಲಲಾರದೆಂದು ಕಂಡಾಗ ನವಾಬನು ಮೇ ತಿಂಗಳಲ್ಲಿ ಸಂಧಿ ಮಾಡಿಕೊಂಡು, ಸೀಮೆಯ ಬಹುಭಾಗವನ್ನು ಬಿಟ್ಟುಕೊಟ್ಟನು. ಊರಿನ ಎದುರು ಯುರೋಪಿಯನ್ ಶಿಸ್ತಿನ ತೋಪುಗಳು ನಿಂತದ್ದು ನಿಜ. ಆದರೆ ಅವು ಟಿಪ್ಪುವಿನವಲ್ಲ. ಆಗ ಟಿಪ್ಪು ಇನ್ನೂ ತೊಟ್ಟಿಲು ಬಿಟ್ಟು ಓಡಾಡುವ ಮಗು.

ಎರಡನೆಯದು 1764. ಹಿಂದಿನ ವರ್ಷವಷ್ಟೇ ಬಿದನೂರನ್ನು ಗೆದ್ದಿದ್ದ ಹೈದರಾಲಿಯು ನವಾಬ ಅಬ್ದುಲ್ ಹಕೀಮ್ ಖಾನನನ್ನು ಸೋಲಿಸಿದನು. ಆಮೇಲೆ ಸವಣೂರು ಎರಡು ಬೆಂಕಿಗಳ ನಡುವಿನ ಗುಡಿಸಲಿನಂತಾಯಿತು. ಮರಾಠರ ಕಡೆ ವಾಲಿದರೆ ಹೈದರನ ಸಿಟ್ಟು, ಹೈದರನ ಕಡೆ ವಾಲಿದರೆ ಮರಾಠರ ಸಿಟ್ಟು. 1779ರಲ್ಲಿ ಹೈದರನು ಕತ್ತಿಯಿಂದಾಗದ್ದನ್ನು ಅಕ್ಷತೆಯಿಂದ ಸಾಧಿಸಿದನು. ತನ್ನ ಮಗಳನ್ನು ನವಾಬನ ಹಿರಿಯ ಮಗನಿಗೆ ಕೊಟ್ಟನು. ನವಾಬನ ಮಗಳನ್ನು ತನ್ನ ಮಗ ಕರೀಂ ಸಾಹೇಬನಿಗೆ ತಂದುಕೊಂಡನು. ನಮ್ಮ ಕಡೆ ಹೇಳುವಂತೆ ಕೊಟ್ಟು ತಂದ ಬೀಗತನ. ನವಾಬನು ಎರಡು ಸಾವಿರ ಪಠಾಣ ಕುದುರೆ ಸವಾರರನ್ನು ಹೈದರನಿಗೆ ಒದಗಿಸಬೇಕೆಂಬುದು ಮಾತು. ಅವನು ಕೊಡಬೇಕಾದ ಕಪ್ಪವೂ ತಗ್ಗಿತು.

ಮೂರನೆಯದು 1786, ನನ್ನ ‘ತೋಪಿನ ಪಾಠ’ದ ವರ್ಷ. ಹೈದರನು ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು. ಟಿಪ್ಪುವು ಹಿಂದಿನ ಬಾಕಿಗಾಗಿ ನವಾಬನನ್ನು ಪೀಡಿಸಿದನು. ನವಾಬನು ಮರಾಠರತ್ತ ಒಲಿದನು. ಹರಿಪಂತ ಫಡಕೆಯ ನೇತೃತ್ವದ ಮರಾಠಾ ದಂಡೂ ನಿಜಾಮನ ದಂಡೂ ಸವಣೂರಿನ ಬಳಿ ಬೀಡುಬಿಟ್ಟಿದ್ದವು. ಟಿಪ್ಪು ತುಂಗಭದ್ರೆಯನ್ನು ದಾಟಿ ಬಂದು, ಆ ಬೀಡಿನ ಮೇಲೆ ಬಿದ್ದನು. ಮರಾಠರು ಹಿಂದೆ ಸರಿದರು. ನವಾಬನು ಊರನ್ನು ಬಿಟ್ಟು ಅವರ ಆಶ್ರಯಕ್ಕೆ ಹೋದನು. ಟಿಪ್ಪು ಸವಣೂರನ್ನು ವಶಪಡಿಸಿಕೊಂಡನು. ಊರು ಕಷ್ಟನಷ್ಟಗಳನ್ನು ಅನುಭವಿಸಿದ್ದು ನಿಜ. ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಒಡೆಯನೇ ಬಿಟ್ಟುಹೋದ ಊರಿನ ಅಗಸಿಯನ್ನು ಒಡೆಯುವುದಕ್ಕೆ ತೋಪು ಏತಕ್ಕೆ ಬೇಕು? ಕಾದಾಟ ನಡೆದದ್ದು ಊರ ಹೊರಗಿನ ಬಯಲಿನಲ್ಲಿ. ಅಷ್ಟೇ ಅಲ್ಲ, ಅವನು ಹೊಕ್ಕದ್ದು ತನ್ನ ಒಡಹುಟ್ಟಿದವಳು ಸೊಸೆಯಾಗಿ ಬಂದ ಮನೆಯ ಊರನ್ನು. ‘ನಿಮ್ಮವರು’, ‘ನಮ್ಮವರು’ ಎಂದು ಹೇಳುವ ಹುಡುಗನಿಗೆ ಈ ಸಂಬಂಧಗಳನ್ನು ಯಾರಾದರೂ ಒಂದು ಹಾಳೆಯ ಮೇಲೆ ಬರೆದು ತೋರಿಸಬೇಕು.

ಈ ಯುದ್ಧಗಳ ನಡುವೆಯೇ ಸವಣೂರಿನ ಅಗಸಿಗಳನ್ನು ದಾಟಿ ಬಂದ ಇನ್ನೊಬ್ಬರಿದ್ದರು. ಉತ್ತರಾದಿ ಮಠದ ಶ್ರೀ ಸತ್ಯಬೋಧತೀರ್ಥರು. ಅವರು 1783ರಲ್ಲಿ ಸವಣೂರಿನಲ್ಲಿಯೇ ವೃಂದಾವನಸ್ಥರಾದರು. ಪಠಾಣ ನವಾಬರ ರಾಜಧಾನಿಯಲ್ಲಿ ಮಾಧ್ವ ಯತಿಗಳ ವೃಂದಾವನ. ಇಂದಿಗೂ ದೂರದೂರದಿಂದ ಭಕ್ತರು ಬಂದು ಸೇವೆ ಸಲ್ಲಿಸುತ್ತಾರೆ. ನಾನು ತೋಪಿನ ಕಥೆಗೆ ಮೇಜು ಗುದ್ದಿದಷ್ಟು ಉತ್ಸಾಹದಿಂದ ಈ ಕಥೆಯನ್ನು ತರಗತಿಯಲ್ಲಿ ಹೇಳಲಿಲ್ಲವಲ್ಲ ಎಂದು ಈಗ ಪಶ್ಚಾತ್ತಾಪವಾಗುತ್ತದೆ. ಸದ್ದು ಮಾಡುವ ಇತಿಹಾಸವೇ ಶಿಕ್ಷಕನಿಗೂ ಸುಲಭ.

ಹಾಗಾದರೆ ಅಗಸಿಗಳು ಬಿದ್ದುದು ಹೇಗೆ?

ಗೆಜೆಟಿಯರಿನ ಮಾತನ್ನು ಇನ್ನೊಮ್ಮೆ ಓದೋಣ. ಟಿಪ್ಪು ಬಂದುಹೋಗಿ ಸುಮಾರು ನೂರು ವರ್ಷಗಳಾದ ಮೇಲೆ ಬರೆದ ಆ ಪುಟದಲ್ಲಿ ಅಗಸಿಗಳು ಎಂಟು, ಹಾಳಾದವು ಮೂರು ಎಂದಿದೆ. ಅಂದರೆ ಉಳಿದ ಐದು ಆಗಲೂ ಹಾಳಾಗಿರಲಿಲ್ಲ. ಮುತ್ತಿಗೆಗಳೆಲ್ಲ ಮುಗಿದು, ಬುಸ್ಸಿಯೂ ಹೈದರನೂ ಟಿಪ್ಪುವೂ ಪೇಶವೆಯೂ ಮಣ್ಣಾದ ಮೇಲೆಯೂ ಐದು ಅಗಸಿಗಳು ನಿಂತಿದ್ದವು. ಒಂದು ಊರಿನ ಅಗಸಿಗಳನ್ನೆಲ್ಲ ತೋಪು ಒಡೆಯಿತೆನ್ನುವ ನನ್ನ ಪಾಠ ಈ ಒಂದೇ ವಾಕ್ಯದಿಂದ ಬಿದ್ದುಹೋಗುತ್ತದೆ. ಅದೇ ಪುಟದಲ್ಲಿ ಇನ್ನೊಂದು ಸಂಗತಿಯೂ ಇದೆ: 1868ರಿಂದ 1876ರ ವರೆಗೆ ಸವಣೂರಿನಲ್ಲಿ ಬಹಳ ಸುಧಾರಣೆಗಳು ನಡೆದವು, ರಸ್ತೆಗಳನ್ನು ಅಗಲಿಸಿ ಖಡಿ ಹಾಕಿದರು, ಹಳೆಯ ಬಾವಿ ಹೊಂಡಗಳನ್ನು ದುರಸ್ತಿ ಮಾಡಿದರು. ನೋಡಿರಿ, ಬಾವಿಯ ದುರಸ್ತಿಯನ್ನು ಹೇಳಿದ್ದಾರೆ, ರಸ್ತೆಯನ್ನು ಹೇಳಿದ್ದಾರೆ. ಅಗಸಿಯ ದುರಸ್ತಿಯ ಮಾತಿಲ್ಲ. ನೀರು ಎಲ್ಲರಿಗೂ ಬೇಕು, ದಾರಿ ಎಲ್ಲರಿಗೂ ಬೇಕು. ಅಗಸಿ ಯಾರಿಗೆ ಬೇಕಾಗಿತ್ತು?

ಬೇಡವಾದದ್ದಕ್ಕೆ ಕಾರಣವೂ ಸ್ಪಷ್ಟ. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ನಮ್ಮ ಸೀಮೆಯಲ್ಲಿ ಓಡಾಡಿದನು; ಹದಿನೈದು ವರ್ಷಗಳ ನಂತರ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. 1818ರಲ್ಲಿ ಪೇಶವೆಯ ಆಳಿಕೆ ಕೊನೆಗೊಂಡು ಸವಣೂರು ಬ್ರಿಟಿಷರ ರಕ್ಷಣೆಯ ಪುಟ್ಟ ಸಂಸ್ಥಾನವಾಗಿ ಉಳಿಯಿತು. ಒಂದು ಕಾಲದಲ್ಲಿ ಇಪ್ಪತ್ತೆರಡು ಮಹಲುಗಳಿದ್ದ ಮನೆತನಕ್ಕೆ ಈಗ ಇಪ್ಪತ್ತೈದು ಹಳ್ಳಿಗಳು. ಒಟ್ಟು ಸುಮಾರು 70 ಚದರ ಮೈಲು. ಸುತ್ತಲೂ ಬ್ರಿಟಿಷ್ ಜಿಲ್ಲೆ. ಯಾವ ದಂಡೂ ಬರುವಂತಿಲ್ಲವೆಂದ ಮೇಲೆ ಸಂಜೆ ಕದ ಎಳೆಯುವವರಾರು? ಎಳೆಯದ ಕದದ ಕೀಲು ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಹುಡೇವಿನ ಮಣ್ಣು ಜರಿಯುತ್ತದೆ, ಬಿರುಕಿನಲ್ಲಿ ಆಲ ಅರಳಿ ಹುಟ್ಟುತ್ತವೆ. ಹುಟ್ಟಿದ ಸಸಿಯನ್ನು ಆ ದಿನವೇ ಕಿತ್ತರೆ ಒಂದು ಕೈಯ ಕೆಲಸ. ಇಪ್ಪತ್ತು ವರ್ಷ ಬಿಟ್ಟರೆ ಕಲ್ಲು ಬಿದ್ದೇ ಬೀಳುತ್ತದೆ. ಬಿದ್ದ ಕಲ್ಲು ಅನಾಥವಾಗಿ ಕಂಡಾಗ ಮನೆಯ ಅಡಿಪಾಯಕ್ಕೆ, ಹಿತ್ತಲ ಗೋಡೆಗೆ ಸಾಗುತ್ತದೆ. ಹಳೆಯ ಊರುಗಳ ಅಗಸಿಗಳೆಲ್ಲ ಬೀಳುವ ಕ್ರಮ ಇದು.

1948ರ ಮಾರ್ಚ್ 8ರಂದು ಸವಣೂರು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಕೊನೆಯ ನವಾಬನ ಹೆಸರು ಅಬ್ದುಲ್ ಮಜೀದ್ ಖಾನ್. ಈತನ ಕಾಲದಲ್ಲಿ, ಮಜೀದ್ ಹೆಸರಿನ ಶಾಲೆಯಲ್ಲಿ ಓದಿದ ಸವಣೂರಿನ ಹುಡುಗನೊಬ್ಬನು ಮುಂದೆ ವಿ. ಕೃ. ಗೋಕಾಕರಾಗಿ ಜ್ಞಾನಪೀಠ ಪ್ರಶಸ್ತಿಯನ್ನು ಕನ್ನಡಕ್ಕೆ ತಂದರು. ಊರಿನ ಅಗಸಿ ಒಳಗೆ ಬರುವವರಿಗೆ ಮಾತ್ರವಲ್ಲ, ಹೊರಗೆ ಹೋಗಿ ಹೆಸರು ಮಾಡುವವರಿಗೂ ಇರುತ್ತದೆ.

ಕಲ್ಲಿನ ಅಗಸಿಗಳು ಹೋದರೂ ನಮ್ಮ ಹಳ್ಳಿಗಳಲ್ಲಿ ಅಗಸಿ ಎಂಬ ಮಾತು ಉಳಿದಿದೆ. ಅಗಸಿ ಕಟ್ಟೆ, ಅಗಸಿ ಹನುಮಪ್ಪ ಎನ್ನುತ್ತೇವೆ. ಮದುಮಕ್ಕಳನ್ನು ಅಗಸಿಯಲ್ಲಿ ಎದುರುಗೊಳ್ಳುತ್ತೇವೆ. ತೀರಿಹೋದವರನ್ನು ಅಗಸಿ ದಾಟಿಸಿ ಕಳಿಸುತ್ತೇವೆ. ಕಾರಹುಣ್ಣಿಮೆಯ ದಿನ ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ಕರಿ ಕಟ್ಟಿ, ಸಿಂಗರಿಸಿದ ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರೆ. ಯಾವ ಬಣ್ಣದ ಎತ್ತು ಮೊದಲು ಹರಿಯಿತೆಂಬುದರ ಮೇಲೆ ಮುಂಗಾರಿ ಹಿಂಗಾರಿಗಳ ಭವಿಷ್ಯ. ಎಷ್ಟೋ ಹಳ್ಳಿಗಳಲ್ಲಿ ಈಗ ಕಂಬವಿಲ್ಲ, ಕದವಿಲ್ಲ. ಎರಡು ಗಳ ನೆಟ್ಟು ಕರಿ ಕಟ್ಟುತ್ತಾರೆ. ಆದರೂ ಎತ್ತು ಓಡುವುದು ಅಗಸಿ ಇದ್ದ ಜಾಗದಲ್ಲಿಯೇ. ಈ ವರ್ಷ ನಾನೂ ಮಗನ ಕೈ ಹಿಡಿದು ಹೋಗಿ ನೋಡಿ ಬಂದಿದ್ದೆನು. ಮರುದಿನವೇ ಆ ದೂರವಾಣಿ ಕರೆ.

ನನ್ನ ವಿದ್ಯಾರ್ಥಿಗೆ ಈಗ ಹೀಗೆ ಉತ್ತರ ಬರೆದಿದ್ದೇನೆ: “ತಮ್ಮಾ, ಅದು ಖರೆ ಅಲ್ಲ. ತಪ್ಪು ನನ್ನದು. ಮಗಳಿಗೆ ಹೇಳು, ಅಗಸಿಯನ್ನು ಒಬ್ಬ ಸುಲ್ತಾನ ಒಂದು ದಿನದಲ್ಲಿ ಒಡೆಯಲಿಲ್ಲ. ಊರವರೆಲ್ಲ ಸೇರಿ ನೂರಾರು ವರ್ಷ ಮರೆತೆವು, ಅದಕ್ಕೆ ಬಿದ್ದಿತು. ಆಕೆಯ ಗೆಳತಿಗೆ ಹೇಳು, ನಿಮ್ಮ ಅಜ್ಜನ ವಯಸ್ಸಿನ ಮಾಸ್ತರೊಬ್ಬರು ಕ್ಷಮೆ ಕೇಳಿದ್ದಾರೆಂದು.”

ಅವನು ಆ ಪತ್ರವನ್ನು ಮಗಳ ಕೈಯಲ್ಲಿ ಶಾಲೆಗೆ ಕಳಿಸಿದನಂತೆ. ತರಗತಿಯಲ್ಲಿ ಓದಿಸಿದರೋ ಇಲ್ಲವೋ ಕೇಳಲಿಲ್ಲ. ಆದರೆ ನನ್ನಿಂದ ಈ ಪಾಠ ಕೇಳಿದವರು ಅವನೊಬ್ಬನೇ ಅಲ್ಲ, ಮೂವತ್ತಕ್ಕೂ ಹೆಚ್ಚು ವರ್ಷಗಳ ತರಗತಿಗಳು. ನೀವೆಲ್ಲ ಎಲ್ಲೆಲ್ಲಿ ಇದ್ದೀರೋ, ನಿಮ್ಮ ಮಕ್ಕಳಿಗೆ ಆ ತೋಪಿನ ಕಥೆ ಹೇಳಿದ್ದರೆ ದಯವಿಟ್ಟು ಇದನ್ನೂ ಹೇಳಿರಿ. ಊರಿಗೆ ಬಂದಾಗ ನಿಮ್ಮ ಹಳ್ಳಿಯ ಅಗಸಿಯಲ್ಲಿ ಒಂದು ಕಲ್ಲಾದರೂ ನಿಂತಿದ್ದರೆ, ಅದರ ಬಿರುಕಿನಲ್ಲಿ ಹುಟ್ಟಿದ ಅರಳಿಯ ಸಸಿಯನ್ನು ಕಿತ್ತು ಬೇರೆಡೆ ನೆಟ್ಟು ಹೋಗಿರಿ. ನಿಮ್ಮ ಮಾಸ್ತರಿಗೆ ಅದಕ್ಕಿಂತ ದೊಡ್ಡ ಗುರುದಕ್ಷಿಣೆ ಬೇಕಿಲ್ಲ.